ಬೀಸುಕಲ್ಲಿನ ಎದುರು ಕೂತ ವಿಠ್ಠಲ: ಸಂತ ಜನಾಬಾಯಿ

ಆಷಾಢ ಏಕಾದಶಿಗೆ ಮುನ್ನ ಆಳಂದಿ, ದೇಹೂಗಳಿಂದ ಹೊರಟ ಪಾಲಖಿಗಳು ನಮ್ಮ ಪುಣೆಯನ್ನು ಹಾದು ಪಂಢರಪುರಕ್ಕೆ ಸಾಗುತ್ತವೆ. ತುಳಸಿ ವೃಂದಾವನ ಹೊತ್ತು ನಡೆಯುವ ಹೆಣ್ಣುಮಕ್ಕಳಿಗೆ ಜ್ಞಾನದೇವ, ತುಕಾರಾಮರಷ್ಟೇ ಆಪ್ತಳಾದವಳು ಜನಾಬಾಯಿ. ದಾಸರ ಪದ ಕೇಳಿ ಬೆಳೆದ ನನಗೆ ವಿಠ್ಠಲ ಹೊಸಬನಲ್ಲ. ಆದರೆ ಅವನನ್ನು ಮನೆಗೆಲಸಕ್ಕೇ ಕರೆದುಕೊಂಡ ಈ ತಾಯಿಯ ಪರಿಚಯವಾದದ್ದು ಇಲ್ಲಿಗೆ ಬಂದ ಮೇಲೆ.

ಜನಾಬಾಯಿ 13ನೇ ಶತಮಾನದವಳು. ಊರು ಗೋದಾವರಿ ದಡದ ಗಂಗಾಖೇಡ. ಈಗಿನ ಪರಭಣಿ ಜಿಲ್ಲೆ. ಬಡ ಶೂದ್ರ ಕುಟುಂಬ. ಚಿಕ್ಕವಳಿದ್ದಾಗಲೇ ಪಂಢರಪುರದ ದಾಮಾಶೇಟಿ ಎಂಬ ಸಿಂಪಿಗರ ಮನೆ ಸೇರಿದಳು. ಆ ಮನೆಯ ಮಗನೇ ಸಂತ ನಾಮದೇವ (1270–1350). ಕಸ, ಮುಸುರೆ, ನೀರು, ಬೀಸುವುದು, ಬೆರಣಿ ತಟ್ಟುವುದು: ಆಕೆಯ ಬದುಕೆಲ್ಲ ಇದೇ.

ಆ ಕೆಲಸದ ನಡುವೆಯೇ ಅಭಂಗಗಳು ಹುಟ್ಟಿದವು. ಆಕೆಯ ಹೆಸರಿನಲ್ಲಿ 300ಕ್ಕೂ ಹೆಚ್ಚು ಉಳಿದಿವೆ. ನಾಮದೇವನ ದಾಸಿ ಜನಿ ಎಂಬುದೇ ಆಕೆಯ ಅಂಕಿತ. ನಮ್ಮ ಹರಿದಾಸರು ದಾಸತ್ವವನ್ನು ದೀಕ್ಷೆಯಾಗಿ ಪಡೆದರು. ಜನಾಬಾಯಿಗೆ ಅದು ದಿನದ ಕೂಲಿ. ಜಗತ್ತು ಕೀಳೆಂದ ಹೆಸರನ್ನೇ ಆಕೆ ತನ್ನ ಹಾಡಿಗೆ ಸಹಿಯಾಗಿ ಹಾಕಿದಳು.

ಹಾಗೆಂದು ತಲೆತಗ್ಗಿಸಿ ಕೂತವಳಲ್ಲ. ಕೋಪ ಬಂದಾಗ ವಿಠ್ಠಲನನ್ನೇ ಬೈದು ಹಾಡಿದ್ದಾಳೆ. ಬೆರಣಿಯ ಕಥೆಯಂತೂ ನನಗೆ ಬಲು ಇಷ್ಟ. ಆಕೆಯನ್ನು ನೋಡಲು ಕಬೀರರು ಬಂದಾಗ, ಬೆರಣಿಗಾಗಿ ಇನ್ನೊಬ್ಬಳೊಡನೆ ಜಗಳವಾಡುತ್ತಿದ್ದಳಂತೆ. ಕಿವಿಗೆ ಹಿಡಿದಾಗ ವಿಠ್ಠಲ ನಾಮ ಕೇಳಿಸಿದ ಬೆರಣಿಗಳೆಲ್ಲ ಆಕೆಯವು! ಕಬೀರರು ಆಕೆಯ ನಂತರದ ಕಾಲದವರು. ಆದ್ದರಿಂದ ಇದು ಇತಿಹಾಸವಲ್ಲ. ಆದರೆ ಕಥೆ ಕಟ್ಟಿದ ಜನ, ತನ್ನ ದುಡಿಮೆಯ ಪಾಲನ್ನು ಕೇಳಿದ್ದಕ್ಕೆ ಆಕೆಯ ಭಕ್ತಿ ಕಡಿಮೆಯಾಯಿತೆಂದು ಭಾವಿಸಲಿಲ್ಲ.

ಇನ್ನೊಂದು ಕಥೆ ಕಠಿಣವಾದದ್ದು. ದೇವರ ಪದಕ ಕಾಣೆಯಾದಾಗ ಅನುಮಾನ ಬಿದ್ದದ್ದು ಕೆಲಸದವಳ ಮೇಲೆ. ಶೂಲಕ್ಕೇರಿಸಲು ಒಯ್ದರು. ಆಕೆ ವಿಠ್ಠಲನನ್ನು ನೆನೆದಳು. ಶೂಲವೇ ಕರಗಿ ನೀರಾಯಿತಂತೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಬಡವಳ ಮೇಲೆ ಮೊದಲು ಬೀಳುವ ಅನುಮಾನ ಮಾತ್ರ ಇಂದಿಗೂ ನಿಜ.

ನಾನು ಸಾಫ್ಟ್‌ವೇರ್ ಕೆಲಸದವಳು. ವರ್ಷಕ್ಕೊಮ್ಮೆ ನಮ್ಮ ಹಿರಿಮೆಯನ್ನು ನಾವೇ ಬರೆದುಕೊಡಬೇಕು. ಎಲ್ಲವೂ ನನ್ನಿಂದಲೇ ಆಗಬೇಕು ಎಂಬ ಭಾರ ರಾತ್ರಿ ನಿದ್ದೆಯಲ್ಲೂ ಇಳಿಯುವುದಿಲ್ಲ. ಮನೆಯಲ್ಲೂ ಅದೇ ಭಾರ. ಆಗೆಲ್ಲ ಜನಾಬಾಯಿಯ ಬೀಸುಕಲ್ಲು ನೆನಪಾಗುತ್ತದೆ. ಇಬ್ಬರು ಎದುರುಬದುರು ಕೂತು ಗೂಟ ಹಿಡಿದರೆ ಕಲ್ಲು ಹಗುರ. ತನ್ನ ಎದುರು ವಿಠ್ಠಲ ಕೂತಿದ್ದಾನೆ ಎಂದು ಆಕೆ ನಂಬಿದಳು. ಅವನು ನೀರು ತಂದ, ತಲೆಗೂದಲು ಬಿಡಿಸಿದ ಎಂದೂ ಹಾಡಿದಳು. ಹಾಗಂತ ಬೀಸುವ ಕೆಲಸ ತಪ್ಪಲಿಲ್ಲ. ನಾನೊಬ್ಬಳೇ ಬೀಸುತ್ತಿದ್ದೇನೆ ಎಂಬ ಭಾವ ಮಾತ್ರ ಹೋಯಿತು. ವಿನಯವೆಂದರೆ ಇದೇ ಎಂದು ನನಗನಿಸುತ್ತದೆ. ತನ್ನನ್ನು ಹೀಗಳೆಯುವುದಲ್ಲ, ಗೂಟದ ಮೇಲೆ ಇನ್ನೊಂದು ಕೈಗೂ ಜಾಗ ಬಿಡುವುದು. ನೆಮ್ಮದಿ ಬರುವುದು ಅಲ್ಲಿಂದಲೇ.

ನಾಮದೇವ ತೀರಿಕೊಂಡ 1350ರಲ್ಲೇ ಜನಾಬಾಯಿಯೂ ವಿಠ್ಠಲನಲ್ಲಿ ಒಂದಾದಳೆಂದು ಪರಂಪರೆ ಹೇಳುತ್ತದೆ. ಪಂಢರಪುರಕ್ಕೆ ಹೋದಾಗ ಹತ್ತಿರದ ಗೋಪಾಳಪುರಕ್ಕೂ ಒಮ್ಮೆ ಹೋಗಿ ಬನ್ನಿ. ಜನಾಬಾಯಿಯದೆಂದು ಭಕ್ತರು ನಂಬುವ ಬೀಸುಕಲ್ಲು ಅಲ್ಲಿದೆ.