ಹರ್ಮನ್ ಮೊಗ್ಲಿಂಗ್ ಮತ್ತು ಉಪದೇಶಿಗಳ ತರಬೇತಿ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಹರ್ಮನ್ ಫ್ರೆಡರಿಕ್ ಮೊಗ್ಲಿಂಗ್ ಅವರ ಹೆಸರು ಮುಖ್ಯವಾಗಿ ಪತ್ರಿಕೋದ್ಯಮ ಮತ್ತು ಗ್ರಂಥಸಂಪಾದನೆಯ ಸಂದರ್ಭದಲ್ಲಿ ಉಲ್ಲೇಖಗೊಳ್ಳುತ್ತದೆ. ಈ ಎರಡರ ಜೊತೆಗೆ ಅವರು ಸತತವಾಗಿ ತೊಡಗಿಸಿಕೊಂಡ ಇನ್ನೊಂದು ಕಾರ್ಯವಿತ್ತು. ಸ್ಥಳೀಯ ಕ್ರೈಸ್ತರನ್ನು ಉಪದೇಶಿಗಳಾಗಿ, ಸಭೆಯ ಆಧ್ಯಾತ್ಮಿಕ ಮುಂದಾಳುಗಳಾಗಿ ಸಿದ್ಧಪಡಿಸುವುದೇ ಆ ಕಾರ್ಯ. ಅವರ ಕನ್ನಡ ಪರಿಚಾರಿಕೆಯನ್ನು ಇದರಿಂದ ಬೇರ್ಪಡಿಸಿ ನೋಡಲಾಗದು.

ಮೊಗ್ಲಿಂಗ್ 1811ರ ಮೇ 29ರಂದು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿದರು. ಟ್ಯೂಬಿಂಗೆನ್‌ನಲ್ಲಿ ದೈವಶಾಸ್ತ್ರ ಓದಿದರು. ಬಾಸೆಲ್ ಮಿಷನ್ನಿನ ಅನೇಕ ಮಿಷನರಿಗಳು ರೈತ ಹಾಗೂ ಕುಶಲಕರ್ಮಿ ಮನೆತನಗಳಿಂದ ಬಂದವರಾಗಿದ್ದರೆ, ಮೊಗ್ಲಿಂಗ್ ವಿಶ್ವವಿದ್ಯಾಲಯದ ಶಿಕ್ಷಣ ಪಡೆದವರಾಗಿದ್ದರು. ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಮೊಗ್ಲಿಂಗ್ ಬಂದದ್ದು 1836ರಲ್ಲಿ. ವಿದೇಶೀ ಮಿಷನರಿಗಳ ಉಪದೇಶವೊಂದರಿಂದಲೇ ಸಭೆ ಬೇರೂರಲಾರದು, ನಾಡಿನವರೇ ಅದನ್ನು ನಡೆಸುವಂತಾಗಬೇಕು ಎಂಬುದು ಅವರ ನಿಲುವಾಗಿತ್ತು. ಆದ್ದರಿಂದಲೇ ಅವರು ಶಾಲೆಗಳಿಗೆ ಹೆಚ್ಚಿನ ಗಮನ ನೀಡಿದರು.

ಈ ನಿಲುವು ಸುಲಭವಾಗಿ ಫಲಿಸಲಿಲ್ಲ. ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿಯಾಗಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು 1844ರ ಜನವರಿ 6ರಂದು ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದರು. ಮಂಗಳೂರಿನಲ್ಲಿ ಕ್ಷೋಭೆ ಉಂಟಾಯಿತು. ಅನೇಕ ಪೋಷಕರು ಮಕ್ಕಳನ್ನು ಶಾಲೆ ಬಿಡಿಸಿದರು. ಸಭೆಗೆ ಒಬ್ಬ ಸಮರ್ಥ ಯುವಕ ದೊರೆತನು. ಮಿಷನ್ನು ಊರಿನ ವಿಶ್ವಾಸವನ್ನು ಕಳೆದುಕೊಂಡಿತು. ಯುವಕನಿಗಾದರೋ ತನ್ನ ಮನೆ ಮತ್ತು ಜಾತಿಯ ಸಂಬಂಧಗಳೇ ಕಡಿದುಹೋದವು.

ಕೌಂಡಿನ್ಯರನ್ನು ಮೊಗ್ಲಿಂಗ್ ಯುರೋಪಿಗೆ ಕರೆದೊಯ್ದು ಬಾಸೆಲ್ ಸೆಮಿನರಿಗೆ ಸೇರಿಸಿದರು. 1851ರಲ್ಲಿ ಅಭಿಷಿಕ್ತರಾಗಿ ಹಿಂದಿರುಗಿದ ಕೌಂಡಿನ್ಯರು ಮಂಗಳೂರಿನ ಸೆಮಿನರಿಯಲ್ಲಿ ಬೋಧಕರಾದರು. ಮುಂದೆ ಆಲ್ಮಂಡ ಸೋಮಯ್ಯ ಎಂಬ ಕೊಡವರ ನಿಮಿತ್ತ ಮೊಗ್ಲಿಂಗ್ 1853ರಲ್ಲಿ ಕೊಡಗಿಗೆ ತೆರಳಿದರು. ಅಲ್ಲಿ ಕ್ರೈಸ್ತರಾದ ಹೊಲೆಯರಿಗಾಗಿ ನೆಲೆಗೊಂಡ ಊರಿಗೆ ಕೌಂಡಿನ್ಯರ ಹೆಸರಿನಿಂದಲೇ ಆನಂದಪುರ ಎಂಬ ಹೆಸರು ಬಂದಿತು.

ಮಂಗಳೂರಿನ ಸೆಮಿನರಿ 1847ರಲ್ಲಿ ಆರಂಭವಾಯಿತು. ಉಪದೇಶಿಗಳಾಗುವವರು ಜನರ ನಡುವೆ ಹೋಗಿ ಜನರ ಭಾಷೆಯಲ್ಲೇ ಮಾತಾಡಬೇಕಾಗಿತ್ತು. ಅದರ ಮರುವರ್ಷವೇ ಜೈಮಿನಿ ಭಾರತದೊಡನೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ ಮೊದಲಾಯಿತು. ಬಸವಪುರಾಣ, ದಾಸರ ಪದಗಳು ಮೊದಲಾದುವು ಕಲ್ಲಚ್ಚಿನಲ್ಲಿ ಬೆಳಕು ಕಂಡವು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಧನಸಹಾಯ ನೀಡಿದರು. ಉಪದೇಶ ಕೇಳುವವರ ಮನಸ್ಸನ್ನು ರೂಪಿಸಿದ ಕಾವ್ಯ ಮತ್ತು ಹಾಡುಗಳನ್ನು ಅರಿಯದವನು ಅವರಿಗೆ ಉಪದೇಶ ಮಾಡಲಾರನು. ಈ ದೃಷ್ಟಿಯಿಂದ ಮಾಲೆಯನ್ನು ಸೆಮಿನರಿಯ ಮತ್ತೊಂದು ಮುಖವೆಂದು ಪರಿಭಾವಿಸಬಹುದು. 1843ರ ಜುಲೈ 1ರಂದು ಅವರು ಆರಂಭಿಸಿದ ‘ಮಂಗಳೂರ ಸಮಾಚಾರ’ವೂ ಆಡುಗನ್ನಡಕ್ಕೆ ಹತ್ತಿರವಾದ ಗದ್ಯವನ್ನು ರೂಢಿಸುವ ಪ್ರಯತ್ನವಾಗಿತ್ತು.

ಆದರೂ ಈ ತರಬೇತಿಯ ಒಳಗೆ ಒಂದು ವೈರುಧ್ಯವಿದೆ. ಮಿಷನರಿಯ ಸಮಾನ ಸ್ಥಾನಕ್ಕೆ ಏರಿದ ಕೌಂಡಿನ್ಯರು ಬಾಸೆಲ್‌ನಲ್ಲಿ ಜರ್ಮನ್ ಭಾಷೆಯಲ್ಲಿ ಓದಿ ಬಂದವರು. ಮಂಗಳೂರಿನಲ್ಲಿ ಕಲಿತವರು ಮೊದಮೊದಲಿಗೆ ಯುರೋಪಿಯನ್ನರ ಮೇಲ್ವಿಚಾರಣೆಯಲ್ಲಿ ಉಪದೇಶಿಗಳಾಗಿಯೇ ದುಡಿದರು. ಕನ್ನಡ ಬೋಧನೆಯ ಭಾಷೆಯಾಯಿತು, ಅಧಿಕಾರದ ಭಾಷೆಯಾಗಲಿಲ್ಲ. ಮೊಗ್ಲಿಂಗ್‌ರ ಆಶಯಕ್ಕೂ ವಸಾಹತು ಕಾಲದ ಸಂಸ್ಥೆಯ ರಚನೆಗೂ ಇದ್ದ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

1860ರಲ್ಲಿ ಮೊಗ್ಲಿಂಗ್ ಸ್ವದೇಶಕ್ಕೆ ಮರಳಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅದಕ್ಕೆ ಮೊದಲೇ, 1858ರಲ್ಲಿ, ಗೌರವ ಡಾಕ್ಟರೇಟ್ ನೀಡಿತ್ತು. ದಾಸರ ಪದಗಳನ್ನು ಜರ್ಮನ್ನಿಗೆ ಅನುವಾದಿಸಿ ಪ್ರಕಟಿಸಿದ ಅವರು 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ನಿಧನರಾದರು. ಅವರ ಕಾಲದ ಸೆಮಿನರಿ ಮುಂದೆ 1965ರಲ್ಲಿ ತುಮಕೂರಿನ ಸೆಮಿನರಿಯೊಡನೆ ಸೇರಿ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು. ಮತಬೋಧಕರನ್ನು ಸಿದ್ಧಪಡಿಸಲು ಹೊರಟ ಪ್ರಯತ್ನವು ಕನ್ನಡದ ಹಳೆಯ ಕೃತಿಗಳನ್ನು ಅಚ್ಚಿಗೆ ತಂದಿತು. ಆದರೆ ನಾಡಿನವರ ಕೈಗೆ ಸಭೆಯನ್ನು ಒಪ್ಪಿಸುವ ಅದರ ಮೂಲ ಉದ್ದೇಶವು ಮೊಗ್ಲಿಂಗ್‌ರ ಕರ್ನಾಟಕದ ದಿನಗಳಲ್ಲಿ ಅಪೂರ್ಣವಾಗಿಯೇ ಉಳಿಯಿತು.