ಜನರಲ್ ಕೆ.ಎಸ್. ತಿಮ್ಮಯ್ಯ: ನಿವೃತ್ತಿಯ ನಂತರವೂ ಮುಂದುವರಿದ ಸೇವೆ

ಯಾದಗಿರಿ, ಶಹಾಪುರ ಹಾಗೂ ಸುರಪುರ ತಾಲ್ಲೂಕುಗಳನ್ನೊಳಗೊಂಡ ಸಗರ ನಾಡಿನ ಮಾಜಿ ಸೈನಿಕರು ಮತ್ತು ಅವರ ಕುಟುಂಬದವರ ಮಾಹಿತಿಗಾಗಿ ಈ ಪರಿಚಯವನ್ನು ನೀಡಲಾಗಿದೆ.

ಜನನ ಮತ್ತು ಸೈನ್ಯ ಸೇವೆ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಕೂನೂರು, ಬೆಂಗಳೂರು ಹಾಗೂ ಡೆಹ್ರಾಡೂನ್‌ಗಳಲ್ಲಿ ವ್ಯಾಸಂಗ ಮಾಡಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ತದನಂತರ 19ನೇ ಹೈದರಾಬಾದ್ ರೆಜಿಮೆಂಟಿನಲ್ಲಿ ಸೇವೆ ಸಲ್ಲಿಸಿದರು. ಈ ರೆಜಿಮೆಂಟಿನ ಮೂಲವು ಹೈದರಾಬಾದ್ ನಿಜಾಮರ ಹೆಸರಿನ ಪಡೆಯಲ್ಲಿದ್ದು, ಸಗರ ನಾಡು ಸಹ ಅಂದು ಅದೇ ಸಂಸ್ಥಾನಕ್ಕೆ ಸೇರಿತ್ತು.

ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿ ಹೋರಾಡಿ ಡಿ.ಎಸ್.ಓ. ಪದಕ ಗಳಿಸಿದರು. ಆ ಯುದ್ಧದಲ್ಲಿ ಬ್ರಿಗೇಡ್ ಒಂದನ್ನು ಮುನ್ನಡೆಸಿದ ಭಾರತೀಯರೆಂಬ ಹಿರಿಮೆ ಇವರದು. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಹಿಮ್ಮೆಟ್ಟಿಸಿದ ಕಾರ್ಯಾಚರಣೆ ಇವರ ನೇತೃತ್ವದಲ್ಲಿ ನಡೆಯಿತು. 1953ರಲ್ಲಿ ಕೊರಿಯಾದ ಯುದ್ಧ ಕೈದಿಗಳ ಕುರಿತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ಸ್ವದೇಶಕ್ಕೆ ಮರಳಲೊಪ್ಪದ ಸುಮಾರು 22,000 ಕೈದಿಗಳ ಜಟಿಲ ಸಮಸ್ಯೆಯನ್ನು ನಿರ್ವಹಿಸಿದರು. 1954ರಲ್ಲಿ ಪದ್ಮಭೂಷಣ ಪ್ರಶಸ್ತಿ ಲಭಿಸಿತು.

ದಾಂಪತ್ಯ ಜೀವನ

1935ರ ಜನವರಿಯಲ್ಲಿ ನೀನಾ ಕಾರ್ಯಪ್ಪ ಅವರೊಂದಿಗೆ ವಿವಾಹವಾಯಿತು. ದಂಪತಿಗಳು ಕ್ವೆಟ್ಟಾದಲ್ಲಿದ್ದಾಗ, ಅದೇ ವರ್ಷದ ಮೇ 31ರಂದು ಸಂಭವಿಸಿದ ಭೀಕರ ಭೂಕಂಪದಲ್ಲಿ ಸಹಸ್ರಾರು ಜನರು ಮೃತಪಟ್ಟರು. ವಿವಾಹವಾಗಿ ಇನ್ನೂ ಐದು ತಿಂಗಳು ಮಾತ್ರ ಕಳೆದಿದ್ದ ಈ ದಂಪತಿಗಳು ಸಂತ್ರಸ್ತರ ಪರಿಹಾರ ಕಾರ್ಯದಲ್ಲಿ ಜೊತೆಯಾಗಿ ಶ್ರಮಿಸಿದರು. ಬರ್ಮಾ ಹಾಗೂ ಕಾಶ್ಮೀರದ ಯುದ್ಧರಂಗಗಳು ಸಂಸಾರವನ್ನು ಜೊತೆಗೆ ಕರೆದೊಯ್ಯುವ ಸ್ಥಳಗಳಾಗಿರಲಿಲ್ಲ. ಅಗಲಿಕೆ, ವರ್ಗಾವಣೆ, ಆತಂಕಗಳ ನಡುವೆಯೂ ಈ ದಾಂಪತ್ಯವು ಮೂವತ್ತು ವರ್ಷ ಬಾಳಿತು.

ನಿವೃತ್ತಿಯ ನಂತರ

1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರು, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ 1959ರಲ್ಲಿ ರಾಜೀನಾಮೆ ನೀಡಿ, ಪ್ರಧಾನಿ ನೆಹರೂ ಅವರ ಮನವೊಲಿಕೆಯಿಂದ ಅದನ್ನು ಹಿಂಪಡೆದರು. ಈ ಪ್ರಕರಣದ ಕಹಿ ಉಳಿದಿದ್ದರೂ ಅವಧಿಯನ್ನು ಪೂರ್ಣಗೊಳಿಸಿ 1961ರ ಮೇ ತಿಂಗಳಲ್ಲಿ ನಿವೃತ್ತರಾದರು.

ಮೂರು ವರ್ಷಗಳ ತರುವಾಯ ವಿಶ್ವಸಂಸ್ಥೆಯ ಕರೆ ಬಂದಿತು. ಸೈಪ್ರಸ್ ದ್ವೀಪದಲ್ಲಿ ಗ್ರೀಕ್ ಮತ್ತು ತುರ್ಕಿ ಮೂಲದ ಜನರ ನಡುವೆ ಘರ್ಷಣೆ ತೀವ್ರವಾಗಿದ್ದ 1964ರ ಜುಲೈ ತಿಂಗಳಲ್ಲಿ, 58ರ ವಯಸ್ಸಿನ ತಿಮ್ಮಯ್ಯನವರು ಅಲ್ಲಿನ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಮರುತಿಂಗಳೇ ಭಾರೀ ಕಾಳಗ ಹಾಗೂ ವೈಮಾನಿಕ ದಾಳಿ ನಡೆದವು. ಯಾರ ಪಕ್ಷವನ್ನೂ ವಹಿಸದೆ ಉಭಯ ಪಂಗಡಗಳ ನಡುವೆ ನಿಲ್ಲುವುದು ಈ ಪಡೆಯ ಹೊಣೆಯಾಗಿತ್ತು. ರೈತರು ನಿರ್ಭೀತಿಯಿಂದ ತಮ್ಮ ಹೊಲಗಳಿಗೆ ಹೋಗಿ ಬೆಳೆ ಕಟಾವು ಮಾಡಲು ಸಹ ಶಾಂತಿಪಾಲಕರ ನೆರವು ಬೇಕಾಗಿತ್ತು.

1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಹೃದಯಾಘಾತದಿಂದ ಸೈಪ್ರಸ್‌ನಲ್ಲಿ ನಿಧನ ಹೊಂದಿದರು. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಅಂತ್ಯಕ್ರಿಯೆ ನೆರವೇರಿಸಲಾಯಿತು. 1966ರಲ್ಲಿ ಸೈಪ್ರಸ್ ಸರ್ಕಾರವು ಇವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು. ಮಡಿಕೇರಿಯ ಇವರ ಮನೆ ಸನ್ನಿಸೈಡ್ ವಸ್ತುಸಂಗ್ರಹಾಲಯವಾಗಿ ಪರಿವರ್ತನೆಗೊಂಡು 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟನೆಯಾಯಿತು.

ಮಾಜಿ ಸೈನಿಕರ ಗಮನಕ್ಕೆ

ಸೈನಿಕನ ಸೇವೆಯಲ್ಲಿ ಪತ್ನಿಯ ಪಾಲೂ ಇರುತ್ತದೆ. ಆದರೆ ಬಿಡುಗಡೆ ಪುಸ್ತಕ ಹಾಗೂ ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರು, ಜನ್ಮ ದಿನಾಂಕಗಳು ತಾಳೆಯಾಗದಿದ್ದಲ್ಲಿ, ಸೈನಿಕನ ಮರಣಾನಂತರ ಕುಟುಂಬ ಪಿಂಚಣಿ ಪಡೆಯಲು ವಿಳಂಬವಾಗುವ ಸಂಭವವಿದೆ. ಆದ್ದರಿಂದ ಮಾಜಿ ಸೈನಿಕರು ತಮ್ಮ ಜೀವಿತ ಕಾಲದಲ್ಲಿಯೇ ದಾಖಲೆಗಳನ್ನು ಪರಿಶೀಲಿಸಿ, ವ್ಯತ್ಯಾಸವಿದ್ದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಸಂಬಂಧಪಟ್ಟ ಕಛೇರಿಯನ್ನು ಸಂಪರ್ಕಿಸಿ ಸರಿಪಡಿಸಿಕೊಳ್ಳಲು ಕೋರಲಾಗಿದೆ.