ಎಣಿಸಿ ನೋಡಿದ ದಾದಿ – ಫ್ಲಾರೆನ್ಸ್ ನೈಟಿಂಗೇಲ್
ಮಕ್ಕಳೇ, ನರ್ಸಿಂಗ್ ಓದಲೇ, ಸಂಶೋಧನೆ ಮಾಡಲೇ? ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳಿಗೆ ಹೋದಾಗ ನನಗೆ ಎದುರಾಗುವ ಪ್ರಶ್ನೆ ಇದು. ಎರಡನ್ನೂ ಮಾಡಿದವರೊಬ್ಬರ ಪರಿಚಯ ಇಲ್ಲಿದೆ.

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯಲ್ಲಿ. ಇಂಗ್ಲೆಂಡಿನ ಶ್ರೀಮಂತ ಮನೆತನ. ಗಣಿತವೆಂದರೆ ಅವರಿಗೆ ಬಲು ಇಷ್ಟ. ರೋಗಿಗಳ ಸೇವೆಯ ಆಸೆಯೂ ಇತ್ತು. ಆಗ ದಾದಿಯ ಕೆಲಸಕ್ಕೆ ಗೌರವವಿರಲಿಲ್ಲ. ಮನೆಯವರು ಒಪ್ಪಲಿಲ್ಲ. ಆದರೂ ಹಟ ಬಿಡದೆ 1851ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದರು.

1854ರಲ್ಲಿ ಕ್ರಿಮಿಯಾ ಯುದ್ಧದ ವೇಳೆ 38 ದಾದಿಯರೊಡನೆ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು. ರಾತ್ರಿ ದೀಪ ಹಿಡಿದು ಗಾಯಾಳು ಸೈನಿಕರನ್ನು ವಿಚಾರಿಸಿದರು. ಆದರೂ ಸಾವು ನಿಲ್ಲಲಿಲ್ಲ. 1855ರ ಮಾರ್ಚ್‌ನಲ್ಲಿ ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಸಾವು ಇಳಿಯಿತು.

ಹಿಂತಿರುಗಿದ ಮೇಲೆ ಸತ್ತವರ ಲೆಕ್ಕ ಹಾಕಿದರು. ಗಾಯಕ್ಕಿಂತ ರೋಗದಿಂದ ಸತ್ತವರೇ ಹೆಚ್ಚು! ಇದನ್ನು ಬಣ್ಣದ ನಕ್ಷೆಯಾಗಿ ಬರೆದು ಸರ್ಕಾರದ ಕಣ್ಣು ತೆರೆಸಿದರು. 1858ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು. 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆ ತೆರೆದರು. ಭಾರತಕ್ಕೆ ಬರದಿದ್ದರೂ, ಇಲ್ಲಿನ ಸೈನಿಕರ ಸಾವಿನ ಅಂಕಿಅಂಶ ತರಿಸಿ, ಶುದ್ಧ ನೀರು, ಚರಂಡಿ ವ್ಯವಸ್ಥೆಗಾಗಿ ಒತ್ತಾಯಿಸಿದರು. 1910ರಲ್ಲಿ ನಿಧನರಾದರು. ಅವರ ಹುಟ್ಟಿದ ದಿನವೇ ಅಂತರರಾಷ್ಟ್ರೀಯ ದಾದಿಯರ ದಿನ.

ಸೇವೆ ಮಾಡುವವರೂ ಏಕೆ, ಹೇಗೆ ಎಂದು ಕೇಳಿದರೆ ಅದೇ ಸಂಶೋಧನೆ, ಅಲ್ಲವೇ?

ಮಾಡಿ ನೋಡಿ: ಈ ತಿಂಗಳು ಜ್ವರ, ಹೊಟ್ಟೆನೋವು, ನೆಗಡಿಯಿಂದ ನಿಮ್ಮ ತರಗತಿಗೆ ಬಾರದವರೆಷ್ಟು? ಎಣಿಸಿ, ಸ್ತಂಭಾಲೇಖ ಬರೆಯಿರಿ. ಕಾರಣವನ್ನು ಶಿಕ್ಷಕರೊಡನೆ ಚರ್ಚಿಸಿ.